ಹೆಡ್‌ಫೋನ್ ಆಂಪ್ ಗುಂಯ್ ಎಂದರೆ ಎಲ್ಲಿಂದ ಹುಡುಕಬೇಕು?

ಮುಂಬಯಿಯ ಲ್ಯಾಮಿಂಗ್ಟನ್ ರೋಡಿನಿಂದ ಸಾಮಾನು ತಂದು ಹೆಡ್‌ಫೋನ್ ಆಂಪ್ಲಿಫೈಯರ್ ಕಟ್ಟಿದವರಿಗೆ ಸ್ವಿಚ್ ಹಾಕಿದ ಕೂಡಲೇ ಹಾಡಿಗಿಂತ ಮೊದಲು ಕೇಳುವುದು ಗುಂಯ್ ಎನ್ನುವ ಸದ್ದು. ಆಗ ಹೆಚ್ಚಿನವರು ಐಸಿಯ ಮೇಲೆ ಸಂಶಯಪಡುತ್ತಾರೆ. ಮತ್ತೆ ಅಲ್ಲಿಗೇ ಹೋಗಿ ದುಬಾರಿ ಆಪ್‌ಆಂಪ್ (ಸದ್ದು ಹಿಗ್ಗಿಸುವ ಐಸಿ) ತಂದು ಕೂರಿಸುತ್ತಾರೆ, ಗುಂಯ್ ಹಾಗೇ ಇರುತ್ತದೆ. ಇಂಥ ಆಂಪ್‌ಗಳಲ್ಲಿ ಐಸಿಯಿಂದ ಬರುವ ತೊಂದರೆ ಕಡಿಮೆ. ಗ್ರೌಂಡ್ ತಂತಿ ಎಲ್ಲಿಂದ ಹೊರಟು ಎಲ್ಲಿ ಸೇರಿದೆ ಎಂಬಲ್ಲೇ ಮುಕ್ಕಾಲು ಪಾಲು ಗಲಾಟೆ ಅಡಗಿರುತ್ತದೆ. ಹಾಗಾಗಿ ಏನನ್ನಾದರೂ ಬದಲಿಸುವ ಮೊದಲು ಸದ್ದು ಬರುವ ದಾರಿಗಳನ್ನು ಒಂದೊಂದಾಗಿ ಕತ್ತರಿಸಿ ನೋಡಬೇಕು. ಅದಕ್ಕೆ ಬೇಕಾಗುವುದು ಒಂದು ಮಲ್ಟಿಮೀಟರ್, ಒಂದು 3.5 ಮಿ.ಮೀ. ಪ್ಲಗ್, ಎರಡು 9 ವೋಲ್ಟ್ ಬ್ಯಾಟರಿ ಮತ್ತು ಹಾಳಾದರೂ ಬೇಸರವಾಗದ ಒಂದು ಇಯರ್‌ಫೋನ್.

ಇಲ್ಲಿನ ಲೆಕ್ಕಗಳೆಲ್ಲ ಹೆಚ್ಚಿನವರು ಕಟ್ಟುವ ಸರ್ಕ್ಯೂಟಿನವು: ಒಂದು ಎನ್‌ಇ 5532 ಆಪ್‌ಆಂಪ್, 10ಕೆ (10 ಸಾವಿರ ಓಮ್) ಪಾಟ್, ಅಂದರೆ ವಾಲ್ಯೂಮ್ ಗುಂಡಿ, 10ಕೆ ಮತ್ತು 1ಕೆ ರೆಸಿಸ್ಟರಿನಿಂದ 11 ಪಟ್ಟು ಗೇನ್ (ಹಿಗ್ಗಿಸುವ ಪ್ರಮಾಣ), 15-0-15 ಟ್ರಾನ್ಸ್‌ಫಾರ್ಮರ್, ತಲಾ 2200 ಮೈಕ್ರೋಫ್ಯಾರಡ್‌ನ ಎರಡು ಕೆಪಾಸಿಟರ್, ಪ್ಲಸ್ 12 ವೋಲ್ಟಿಗೆ 7812 ಮತ್ತು ಮೈನಸ್ 12ಕ್ಕೆ 7912 ರೆಗ್ಯುಲೇಟರ್. ಒಂದೇ 9 ವೋಲ್ಟ್ ಬ್ಯಾಟರಿಯ ಪುಟ್ಟ ಆಂಪ್ ಕಟ್ಟಿದವರಿಗೆ ಕೊನೆಯಲ್ಲಿ ಬೇರೆ ಮಾತಿದೆ.

ಕಿವಿಗೆ ಹಾಕುವ ಮೊದಲು

ಹೆಡ್‌ಫೋನ್ ಚುಚ್ಚದೆ ಆಂಪ್ ಆನ್ ಮಾಡಿ. ಮೀಟರನ್ನು ಡಿಸಿ ಮಿಲಿವೋಲ್ಟ್‌ಗೆ ಇಟ್ಟು, ಔಟ್‌ಪುಟ್ ಸಾಕೆಟ್‌ನಲ್ಲಿ ಎಡ ಮತ್ತು ಬಲ ಎರಡನ್ನೂ ಗ್ರೌಂಡ್‌ಗೆ ಹೋಲಿಸಿ ಅಳೆಯಿರಿ. 20 ಮಿಲಿವೋಲ್ಟ್ ಒಳಗಿದ್ದರೆ ಮುಂದೆ ಹೋಗಬಹುದು. 200ರ ಆಸುಪಾಸು ತೋರಿಸಿದರೆ ಕಾರಣ ಬಹುಮಟ್ಟಿಗೆ ಇದು: ಎನ್‌ಇ 5532ರ ಇನ್‌ಪುಟ್ ಕಾಲು ಸುಮಾರು 200 ನ್ಯಾನೋಆಂಪಿಯರ್ ಬಯಾಸ್ ಕರೆಂಟ್ ಎಳೆಯುತ್ತದೆ. ಆ ಕಾಲಿನಿಂದ ಗ್ರೌಂಡ್‌ಗೆ 100ಕೆ ಹಾಕಿದ್ದರೆ ಅಲ್ಲಿ 20 ಮಿಲಿವೋಲ್ಟ್ ನಿಲ್ಲುತ್ತದೆ, 11 ಪಟ್ಟು ಗೇನ್ ಸೇರಿ 220 ಆಗುತ್ತದೆ. ಆ 100ಕೆ ಮೂಲತಃ ಬಯಾಸ್ ಕರೆಂಟ್ ಬಹುತೇಕ ಎಳೆಯದ ಜೆಫೆಟ್ ಇನ್‌ಪುಟ್‌ನ ಐಸಿಗೆಂದು ಬರೆದ ಬೆಲೆ; ನಕ್ಷೆ ಹಾಗೇ ಇಟ್ಟುಕೊಂಡು ಐಸಿ ಮಾತ್ರ ಬದಲಿಸಿದರೆ ಹೀಗಾಗುತ್ತದೆ. 100ಕೆ ತೆಗೆದು 22ಕೆ ಹಾಕಿ, ಅದರ ಹಿಂದಿನ ಕೆಪಾಸಿಟರನ್ನು 1 ಮೈಕ್ರೋಫ್ಯಾರಡ್ ಮಾಡಿ, 1ಕೆ ರೆಸಿಸ್ಟರಿನ ಗ್ರೌಂಡ್ ಬದಿಗೆ 100 ಮೈಕ್ರೋಫ್ಯಾರಡ್ ಸೇರಿಸಿದರೆ ಡಿಸಿ ಮಟ್ಟಿಗೆ ಗೇನ್ ಒಂದಕ್ಕೆ ಇಳಿಯುತ್ತದೆ. ಔಟ್‌ಪುಟ್‌ನಲ್ಲಿ ಉಳಿಯುವುದು ನಾಲ್ಕೈದು ಮಿಲಿವೋಲ್ಟ್ ಮಾತ್ರ.

ಮೀಟರ್ ಬಗ್ಗೆ ಒಂದು ಮಾತು. ಪೇಟೆಯಲ್ಲಿ ಸಿಗುವ ಅಗ್ಗದ ಹಳದಿ ಮೀಟರಿನ ಎಸಿ ರೇಂಜ್ ಶುರುವಾಗುವುದೇ 200 ವೋಲ್ಟಿನಿಂದ. ಅದರಲ್ಲಿ ಹಮ್, ಅಂದರೆ ಈ ಗುಂಯ್, ಅಳೆಯಲು ಹೋದರೆ ಸೊನ್ನೆಯೇ ಕಾಣುತ್ತದೆ. ಆ ಕೆಲಸ ಕಿವಿಗೇ ಬಿಡಿ. ಇಲ್ಲವೆಂದರೆ ಔಟ್‌ಪುಟ್ಟನ್ನು 10ಕೆ ರೆಸಿಸ್ಟರ್ ಮೂಲಕ ಲ್ಯಾಪ್‌ಟಾಪಿನ ಮೈಕ್ ಇನ್‌ಪುಟ್‌ಗೆ ಕೊಟ್ಟು, ಯಾವುದಾದರೂ ಉಚಿತ ರೆಕಾರ್ಡಿಂಗ್ ತಂತ್ರಾಂಶದಲ್ಲಿ ಸ್ಪೆಕ್ಟ್ರಮ್ ನೋಡಿ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತಿಟ್ಟಿರಬೇಕು, ಇಲ್ಲದಿದ್ದರೆ ನೋಡುತ್ತಿರುವುದು ಚಾರ್ಜರಿನ ಸದ್ದೇ ಆಗಬಹುದು.

ಸದ್ದನ್ನು ಗುರುತಿಸುವುದು

ನಮ್ಮ ಮೇನ್ಸ್ 50 ಹರ್ಟ್ಸ್. ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರ, ಶೀಲ್ಡ್ ಇಲ್ಲದ ತಂತಿ, ಕಂಪ್ಯೂಟರಿನೊಂದಿಗೆ ಆದ ಗ್ರೌಂಡ್ ಲೂಪ್ (ಎರಡು ದಾರಿಯಲ್ಲಿ ಸೇರಿದ ಗ್ರೌಂಡಿನ ಸುತ್ತು) ಇವೆಲ್ಲ 50ರಲ್ಲೇ ಬರುತ್ತವೆ. ದುಂಡಗಿನ, ಮಂದ್ರದ, ದೂರದಲ್ಲಿ ಯಾರೋ ತಂಬೂರಿಯ ಖರಜ ತಂತಿ ಎಳೆದಂಥ ಸದ್ದು. ರೆಕ್ಟಿಫೈಯರ್ ದಾಟಿ ಬಂದದ್ದು 100 ಹರ್ಟ್ಸ್, ಅದರ ಮೇಲೆ 200, 300 ಎಂದು ಎಳೆಗಳು ಸೇರಿರುವುದರಿಂದ ದುಂಬಿ ಡಬ್ಬಿಯಲ್ಲಿ ಸಿಕ್ಕಿಕೊಂಡ ಹಾಗೆ ಒರಟಾಗಿ ಕೇಳುತ್ತದೆ. ಅನುಮಾನವಿದ್ದರೆ ಮೊಬೈಲಿನಲ್ಲಿ ಟೋನ್ ಜನರೇಟರ್ ಆಪ್ ಹಾಕಿ 50 ಮತ್ತು 100ನ್ನು ಅದೇ ಹೆಡ್‌ಫೋನಿನಲ್ಲಿ ಕೇಳಿ ಹೋಲಿಸಿ. ಎರಡು ನಿಮಿಷದ ಕೆಲಸ, ಎರಡು ದಿನದ ಅಲೆದಾಟ ಉಳಿಸುತ್ತದೆ.

ಮಳೆ ದೂರದಲ್ಲಿ ಸುರಿದಂತೆ ಸಮನಾದ ಸುಯ್ ಬಂದರೆ ಅದು ಹಿಸ್. ಪಾಟ್ ತಿರುಗಿಸಿದಾಗ ಕರಕರ ಎಂದರೆ ಪಾಟ್ ಕೊಳೆಯಾಗಿದೆ, ಇಲ್ಲವೇ ಅದರ ಮೂಲಕ ಡಿಸಿ ಹರಿಯುತ್ತಿದೆ. ಟಪ್ ಟಪ್ ಟಪ್ ಎಂದು ಒಂದೇ ಲಯದಲ್ಲಿ ಬಡಿದರೆ ಬ್ಯಾಟರಿ ಸೋತಿದೆ. ಸದ್ದೇ ಇಲ್ಲದೆ ಐಸಿ ಮುಟ್ಟಲಾಗದಷ್ಟು ಬಿಸಿಯಾಗಿದ್ದರೆ ಅದಕ್ಕಿಂತ ಕೆಟ್ಟದ್ದು. ಅದನ್ನು ಮುಂದೆ ನೋಡೋಣ.

ದಾರಿ ಕತ್ತರಿಸುವ ನಾಲ್ಕು ಪರೀಕ್ಷೆ

ಒಂದು 3.5 ಪ್ಲಗ್ ಬಿಚ್ಚಿ ಅದರ ಮೂರೂ ಕಾಲುಗಳನ್ನು ಒಟ್ಟಿಗೆ ಬೆಸೆಯಿರಿ. ಇದು ಶಾರ್ಟಿಂಗ್ ಪ್ಲಗ್. ಆಂಪಿಗೆ ಜೋಡಿಸಿದ ಕೇಬಲ್ ತೆಗೆದು ಇದನ್ನು ಇನ್‌ಪುಟ್ ಸಾಕೆಟ್‌ಗೆ ಚುಚ್ಚಿ. ಸದ್ದು ಮಾಯವಾದರೆ ಆಂಪ್ ಸರಿಯಿದೆ. ತಪ್ಪು ಕೇಬಲ್, ಕಂಪ್ಯೂಟರ್ ಅಥವಾ ಗ್ರೌಂಡ್ ಲೂಪಿನಲ್ಲಿದೆ.

ಸದ್ದು ಉಳಿದರೆ ಪ್ಲಗ್ ಹಾಗೇ ಇಟ್ಟು ಪಾಟನ್ನು ನಿಧಾನವಾಗಿ ಸೊನ್ನೆಯಿಂದ ಪೂರ್ತಿವರೆಗೆ ತಿರುಗಿಸಿ. ಎಲ್ಲಿಟ್ಟರೂ ಒಂದೇ ಥರ ಇದ್ದರೆ ಮೂಲ ಪಾಟಿನ ನಂತರವಿದೆ: ಗ್ರೌಂಡ್, ಸಪ್ಲೈ, ಐಸಿ. ಎರಡೂ ತುದಿಯಲ್ಲಿ ಕಡಿಮೆಯಾಗಿ ನಡುವೆ ಎಲ್ಲೋ ಹೆಚ್ಚಾದರೆ ಪಾಟಿನ ಸ್ವಂತ ರೆಸಿಸ್ಟೆನ್ಸ್ ಮತ್ತು ಅದರಿಂದ ಬೋರ್ಡಿಗೆ ಹೋಗುವ ತಂತಿಯ ಮೇಲೆ ಕಣ್ಣಿಡಿ. ಇನ್‌ಪುಟ್ ಶಾರ್ಟ್ ಆಗಿರುವಾಗ 10ಕೆ ಪಾಟಿನ ವೈಪರ್ (ನಡುಕಾಲು) ಕಡೆಯಿಂದ ಕಾಣುವ ರೆಸಿಸ್ಟೆನ್ಸ್ ನಡುಮಧ್ಯದಲ್ಲಿ ಗರಿಷ್ಠ 2.5ಕೆ ಆಗುತ್ತದೆ, 50ಕೆ ಪಾಟ್ ಆದರೆ 12.5ಕೆ. ರೆಸಿಸ್ಟೆನ್ಸ್ ಹೆಚ್ಚಿದಷ್ಟೂ ಆ ತಂತಿ ಆಂಟೆನಾ ಆಗುತ್ತದೆ. ಶೀಲ್ಡ್ ವೈರ್ ಹಾಕಿ, ಶೀಲ್ಡನ್ನು ಒಂದೇ ತುದಿಯಲ್ಲಿ ಬೆಸೆಯಿರಿ. ಗುಂಡಿ ಮುಟ್ಟಿದಾಗ ಸದ್ದು ಬದಲಾಗುತ್ತಿದ್ದರೆ ಪಾಟಿನ ಲೋಹದ ಮೈ ಎಲ್ಲಿಗೂ ಸೇರಿಲ್ಲ ಎಂದರ್ಥ. ಆ ಮೈಯನ್ನು ಮರಳುಕಾಗದದಿಂದ ಸ್ವಲ್ಪ ಉಜ್ಜಿ, ಒಂದು ತಂತಿಯಿಂದ ಗ್ರೌಂಡಿಗೆ ಸೇರಿಸಿದರೆ ಮುಗಿಯಿತು.

ಮೂರನೆಯದು, ಕರೆಂಟ್ ಆಫ್ ಮಾಡಿ ಐಸಿಯನ್ನು ಸಾಕೆಟ್‌ನಿಂದ ಕೀಳಿ, ಮತ್ತೆ ಆನ್ ಮಾಡಿ. ಐಸಿ ಇಲ್ಲದೆಯೂ ಗುಂಯ್ ಕೇಳಿದರೆ ಹೆಡ್‌ಫೋನಿನ ವಾಪಸ್ ತಂತಿಯ ದಾರಿಯಲ್ಲೇ ಸಪ್ಲೈ ಕರೆಂಟ್ ಹರಿಯುತ್ತಿದೆ. ಐಸಿಯನ್ನು ಸಾಕೆಟ್ ಇಲ್ಲದೆ ನೇರ ಬೆಸೆದವರಿಗೆ ಈ ಪರೀಕ್ಷೆ ಇಲ್ಲ. ಮೊದಲ ಸಲ ಕಟ್ಟುವಾಗ ಎಂಟು ಕಾಲಿನ ಸಾಕೆಟ್ ಹಾಕುವುದು ಇದಕ್ಕೇ.

ನಾಲ್ಕನೆಯದು, ರೆಗ್ಯುಲೇಟರಿನಿಂದ ಬೋರ್ಡಿಗೆ ಬರುವ ಮೂರು ತಂತಿಗಳನ್ನು ಬಿಡಿಸಿ, ಎರಡು 9 ವೋಲ್ಟ್ ಬ್ಯಾಟರಿಗಳಿಂದ ಪ್ಲಸ್, ಗ್ರೌಂಡ್, ಮೈನಸ್ ಕೊಡಿ. ಸದ್ದು ಹೋದರೆ ಟ್ರಾನ್ಸ್‌ಫಾರ್ಮರಿನಿಂದ ರೆಗ್ಯುಲೇಟರ್ ತನಕದ ಭಾಗ ತಪ್ಪಿತಸ್ಥ.

ಗ್ರೌಂಡ್: ಇಲ್ಲಿ ಸ್ವಲ್ಪ ನಿಧಾನ

ಜೀರೋ ಪಿಸಿಬಿಯ (ಬರೀ ತೂತುಗಳಿರುವ ಬೋರ್ಡಿನ) ಮೇಲೆ ಕಟ್ಟುವವರು ಒಂದು ಉದ್ದ ತಂತಿಯನ್ನು ನಡುವೆ ಹಾಸಿ, ಗ್ರೌಂಡ್ ಎಂದು ಬರೆದದ್ದನ್ನೆಲ್ಲ ಕೈಗೆ ಸಿಕ್ಕಲ್ಲಿ ಅದಕ್ಕೆ ಬೆಸೆದುಬಿಡುತ್ತಾರೆ. ಮೀಟರಿನ ಬೀಪ್ ಎಲ್ಲ ಕಡೆಯೂ ಕೂಗುತ್ತದೆ, ಹಾಗಾಗಿ ಎಲ್ಲವೂ ಒಂದೇ ಎಂದು ತೋರುತ್ತದೆ. ಆಂಪಿಗೆ ಅದು ಒಂದೇ ಅಲ್ಲ.

ಲೆಕ್ಕ ಮಾಡಿ ನೋಡಿ. ಫಿಲ್ಟರ್ ಕೆಪಾಸಿಟರಿಗೆ ಕರೆಂಟ್ ಸಮನಾಗಿ ಹರಿಯುವುದಿಲ್ಲ. ಸೆಕೆಂಡಿಗೆ 100 ಸಲ ಚಿಕ್ಕ ಚಿಕ್ಕ ಗುದ್ದುಗಳಾಗಿ ಹೋಗುತ್ತದೆ. ಆಂಪ್ ಎಳೆಯುವುದು 15 ಮಿಲಿಆಂಪಿಯರ್ ಆದರೂ ಗುದ್ದಿನ ತುದಿ 200 ಮಿಲಿಆಂಪಿಯರ್ ಮುಟ್ಟಬಹುದು. 1 ಮಿ.ಮೀ. ಅಗಲ, 10 ಮಿ.ಮೀ. ಉದ್ದದ ಸಾಮಾನ್ಯ ತಾಮ್ರದ ಟ್ರ್ಯಾಕಿನ ರೆಸಿಸ್ಟೆನ್ಸ್ ಸುಮಾರು 5 ಮಿಲಿಓಮ್. ಅದರ ಮೇಲೆ 1 ಮಿಲಿವೋಲ್ಟ್ ಏಳುತ್ತದೆ. ಪಾಟಿನ ಗ್ರೌಂಡ್ ಈ ತುದಿಗೆ, ಫೀಡ್‌ಬ್ಯಾಕಿನ 1ಕೆ ರೆಸಿಸ್ಟರಿನ ಗ್ರೌಂಡ್ ಆ ತುದಿಗೆ ಬಿದ್ದಿದ್ದರೆ ಐಸಿ ಆ 1 ಮಿಲಿವೋಲ್ಟನ್ನು ಹಾಡು ಎಂದೇ ತಿಳಿದು 11 ಪಟ್ಟು ಮಾಡಿ ಕಿವಿಗೆ ಕಳಿಸುತ್ತದೆ. 11 ಮಿಲಿವೋಲ್ಟ್ ಒರಟು 100 ಹರ್ಟ್ಸ್ ಇದ್ದರೆ ಸಾಧಾರಣ 32 ಓಮ್ ಹೆಡ್‌ಫೋನಿನಲ್ಲಿ ಆಲಾಪದ ಮೆಲುದನಿಯೆಲ್ಲ ಮುಚ್ಚಿಹೋಗುತ್ತದೆ. ಯಾವ ದುಬಾರಿ ಐಸಿಯೂ ಇದನ್ನು ಸರಿಮಾಡದು.

ಸರಿಮಾಡುವ ಬಗೆ ಹೀಗೆ. ಟ್ರಾನ್ಸ್‌ಫಾರ್ಮರಿನ ನಡುತಂತಿಯನ್ನು ಎರಡು 2200ರ ಕೆಪಾಸಿಟರ್ ಕೂಡುವ ಜಾಗಕ್ಕೆ ನೇರವಾಗಿ ತನ್ನಿ. ಅಲ್ಲಿ ಬೇರೇನನ್ನೂ ಬೆಸೆಯಬೇಡಿ. ಅಲ್ಲಿಂದ ಒಂದೇ ಒಂದು ದಪ್ಪ ತಂತಿ ರೆಗ್ಯುಲೇಟರಿನ ಗ್ರೌಂಡಿಗೆ, ಅಲ್ಲಿಂದ ಮುಂದೆ ನಕ್ಷತ್ರದ ಬಿಂದುವಿಗೆ, ಅಂದರೆ ಉಳಿದ ಗ್ರೌಂಡ್ ತಂತಿಗಳೆಲ್ಲ ಕೂಡುವ ಒಂದೇ ಜಾಗಕ್ಕೆ. ಈ ಬಿಂದುವಿಗೆ ಬೇರೆ ಬೇರೆ ತಂತಿಗಳಲ್ಲಿ ಬರಬೇಕಾದವು: ಹೆಡ್‌ಫೋನ್ ಚುಚ್ಚುವ ಇ.ಪಿ. ಸಾಕೆಟ್‌ನ ವಾಪಸ್, ಸಪ್ಲೈಯ ಚಿಕ್ಕ ಕೆಪಾಸಿಟರುಗಳ ಗ್ರೌಂಡ್, ಮತ್ತು ಸಿಗ್ನಲ್ ಗ್ರೌಂಡ್. ಇನ್‌ಪುಟ್ ಸಾಕೆಟ್, ಪಾಟಿನ ಕೆಳಗಾಲು, ಎಡಬಲದ ಎರಡು 1ಕೆ ರೆಸಿಸ್ಟರ್ ಇವಿಷ್ಟೂ ಮೊದಲು ತಮ್ಮೊಳಗೆ ಹತ್ತಿರ ಹತ್ತಿರ ಸೇರಿ, ಆಮೇಲೆ ಒಂದೇ ತಂತಿಯಾಗಿ ಬಿಂದುವಿಗೆ ಬರಲಿ. ಮದುವೆಮನೆಯಲ್ಲಿ ಬಡಿಸುವವರ ದಾರಿ, ಎಲೆ ಎತ್ತುವವರ ದಾರಿ ಬೇರೆ ಇಟ್ಟ ಹಾಗೆ.

ಇ.ಪಿ. ಸಾಕೆಟ್ ಲೋಹದ್ದಾಗಿ ಡಬ್ಬಿಯೂ ಲೋಹದ್ದಾಗಿದ್ದರೆ ಬಿಗಿದ ಕೂಡಲೇ ನಿಮಗೆ ಗೊತ್ತಿಲ್ಲದ ಎರಡನೇ ಗ್ರೌಂಡ್ ದಾರಿ ಹುಟ್ಟುತ್ತದೆ. ಡಬ್ಬಿ ತೆರೆದಾಗ ಇಲ್ಲದ ಸದ್ದು ಮುಚ್ಚಿದಾಗ ಬಂದರೆ ಮೊದಲು ನೋಡಬೇಕಾದದ್ದು ಇದನ್ನೇ. ಪ್ಲಾಸ್ಟಿಕ್ ಮೈಯ ಸಾಕೆಟ್ ಹಾಕಿ.

ಟ್ರಾನ್ಸ್‌ಫಾರ್ಮರ್, ರೆಗ್ಯುಲೇಟರ್

ಟ್ರಾನ್ಸ್‌ಫಾರ್ಮರ್ ಪಾಟಿನ ಪಕ್ಕದಲ್ಲಿದ್ದರೆ 50 ಹರ್ಟ್ಸ್ ಗಾಳಿಯಲ್ಲೇ ದಾಟಿ ಬರುತ್ತದೆ. ಸ್ಕ್ರೂ ಬಿಚ್ಚಿ, ಮೇನ್ಸ್ ಬದಿಯ ಬೆಸುಗೆಗಳ ಮೇಲೆ ಹೀಟ್‌ಶ್ರಿಂಕ್ ಇದೆಯೆಂದು ಖಚಿತ ಮಾಡಿಕೊಂಡು, ಅದನ್ನು 90 ಡಿಗ್ರಿ ತಿರುಗಿಸಿ ಇಟ್ಟು ಕೇಳಿ. ಪ್ರತಿ ಸಲ ಮುಟ್ಟುವ ಮೊದಲು ಪ್ಲಗ್ ಕೀಳಬೇಕು. ಒಳಗಿರುವುದು 230 ವೋಲ್ಟ್. ಸದ್ದು ಕೋನದೊಂದಿಗೆ ಬದಲಾದರೆ ಕಡಿಮೆ ಇರುವ ಕೋನದಲ್ಲೇ ಬಿಗಿಯಿರಿ, ಸಾಧ್ಯವಾದರೆ 15 ಸೆಂ.ಮೀ. ದೂರವಿಡಿ. ಟ್ರಾನ್ಸ್‌ಫಾರ್ಮರನ್ನು ಬೇರೆ ಡಬ್ಬಿಗೇ ಹಾಕುವುದು ಇನ್ನೂ ಒಳ್ಳೆಯದು. ಅಲ್ಯೂಮಿನಿಯಂ ಹಾಳೆ ಅಡ್ಡ ಇಟ್ಟರೆ 50 ಹರ್ಟ್ಸಿನ ಕಾಂತಕ್ಷೇತ್ರಕ್ಕೆ ಲೆಕ್ಕಕ್ಕೇ ಇಲ್ಲ. ಅಡ್ಡವಿಡುವುದಾದರೆ ಕಬ್ಬಿಣದ ತಗಡು.

ಅಂಗಡಿಯಲ್ಲಿ 15-0-15 ಇಲ್ಲವೆಂದು 12-0-12 ತಂದಿದ್ದೀರಾ? 230 ವೋಲ್ಟ್ ಇರುವಾಗ ಅದು ಡಯೋಡ್ ದಾಟಿ ಸುಮಾರು 16 ವೋಲ್ಟ್ ಕೊಡುತ್ತದೆ, ಎಲ್ಲ ಚೆನ್ನಾಗಿರುತ್ತದೆ. ಮೇನ್ಸ್ 200ಕ್ಕೆ ಇಳಿದರೆ ಅದು 14ರ ಹತ್ತಿರ ಬರುತ್ತದೆ. 7812ಕ್ಕೆ ತನ್ನ ಮೇಲೆ ಸುಮಾರು 2 ವೋಲ್ಟ್ ಬೇಕು. ರಿಪಲ್‌ನ (ಸಪ್ಲೈಯಲ್ಲಿ ಉಳಿದ ಏರಿಳಿತದ) ತಗ್ಗುಗಳಲ್ಲಿ ಅದು ಸಿಗದೆ ಸೆಕೆಂಡಿಗೆ 100 ಸಲ ರೆಗ್ಯುಲೇಟರ್ ಕೈಬಿಡುತ್ತದೆ. ರಾತ್ರಿ ಎಲ್ಲರ ಏಸಿ ಓಡುವ ಹೊತ್ತಿಗೆ ಮಾತ್ರ ಬರುವ ಒರಟು ಗುಂಯ್‌ಗೆ ಇದೇ ಕಾರಣವಿರಬಹುದು.

7912ರ ಕಾಲುಗಳು 7812ರಂತಲ್ಲ. ಬರಹವಿರುವ ಮುಖ ನಿಮ್ಮೆಡೆಗಿದ್ದರೆ 7812ರಲ್ಲಿ ಎಡದಿಂದ ಇನ್, ಗ್ರೌಂಡ್, ಔಟ್. 7912ರಲ್ಲಿ ಗ್ರೌಂಡ್, ಇನ್, ಔಟ್. 7912ರ ಹಿಂದಿನ ಲೋಹದ ತಗಡು ಗ್ರೌಂಡ್ ಅಲ್ಲ, ಅದು ಇನ್‌ಪುಟ್. ಎರಡನ್ನೂ ಒಂದೇ ಹೀಟ್‌ಸಿಂಕಿಗೆ ಅಭ್ರಕದ ಹಾಳೆ ಇಲ್ಲದೆ ಬಿಗಿದರೆ ಗುಂಯ್ ಬರುವುದಕ್ಕೂ ಮೊದಲು ಹೊಗೆ ಬರುತ್ತದೆ.

ಕಂಪ್ಯೂಟರಿಗೆ ಜೋಡಿಸಿದಾಗ ಮಾತ್ರ

ಮೊಬೈಲ್ ಜೋಡಿಸಿದರೆ ಶಾಂತ, ಕಂಪ್ಯೂಟರ್ ಜೋಡಿಸಿದರೆ ಗುಂಯ್ ಅಥವಾ ಮೌಸ್ ಸರಿದಾಗ ಚಿರ್ ಚಿರ್. ಇದು ಗ್ರೌಂಡ್ ಲೂಪ್. ಎರಡೂ ಮೂರು ಪಿನ್ನಿನವು, ಅರ್ತ್ ತಂತಿಯ ಮೂಲಕ ಒಂದು ಸುತ್ತು, ಆಡಿಯೋ ಕೇಬಲಿನ ಮೂಲಕ ಇನ್ನೊಂದು ಸುತ್ತು. ಮೊದಲು ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಚುಚ್ಚಿ. ಎಷ್ಟೋ ಸಲ ಇಷ್ಟರಲ್ಲೇ ಅರ್ಧ ಇಳಿಯುತ್ತದೆ. ಆಮೇಲೆ ಆಂಪಿನ ಲೋಹದ ಡಬ್ಬಿಯನ್ನು ಅರ್ತ್‌ಗೆ ಗಟ್ಟಿಯಾಗಿ ಬೋಲ್ಟ್ ಮಾಡಿ, ಒಳಗಿನ ನಕ್ಷತ್ರದ ಬಿಂದುವನ್ನು ಡಬ್ಬಿಗೆ ನೇರ ಸೇರಿಸದೆ 10 ಓಮ್ ರೆಸಿಸ್ಟರ್ ಮೂಲಕ ಸೇರಿಸಿ. ಅದಕ್ಕೆ ಸಮಾನಾಂತರವಾಗಿ ಎದುರುಬದುರು ಎರಡು 1ಎನ್ 5408 ಡಯೋಡ್ ಮತ್ತು 100 ನ್ಯಾನೋಫ್ಯಾರಡ್ ಕೆಪಾಸಿಟರ್ ಇರಲಿ. ತಪ್ಪಿ ಮೇನ್ಸ್ ತಾಗಿದರೆ ಡಯೋಡ್ ಹೊರುತ್ತದೆ, ಫ್ಯೂಸ್ ಹೋಗುತ್ತದೆ.

ಅರ್ತ್ ಪಿನ್ ಕತ್ತರಿಸಿದರೆ ಗುಂಯ್ ನಿಲ್ಲುತ್ತದೆ ಎಂಬುದು ನಿಜ. ಮುಂದೊಂದು ದಿನ ಟ್ರಾನ್ಸ್‌ಫಾರ್ಮರಿನ ಇನ್ಸುಲೇಷನ್ ಹೋದರೆ ಹೆಡ್‌ಫೋನ್ ಹಾಕಿಕೊಂಡವರ ತಲೆಯೇ ಅರ್ತ್ ಆಗುತ್ತದೆ ಎಂಬುದೂ ನಿಜ. ಗಿರಗಾಂವ್, ಪರೇಲ್ ಕಡೆಯ ಹಳೆ ಚಾಳ್‌ಗಳಲ್ಲಿ ಮೂರು ಪಿನ್ನಿನ ಸಾಕೆಟ್ ಇದ್ದರೂ ಹಿಂದೆ ಅರ್ತ್ ತಂತಿಯೇ ಇರದಿರುವುದುಂಟು. ಅಲ್ಲಿ ಲ್ಯಾಪ್‌ಟಾಪಿನ ಲೋಹದ ಮೈ ಮುಟ್ಟಿದರೆ ಜುಮ್ ಎನ್ನುತ್ತದೆ, ಟೆಸ್ಟರ್ ಮಂಕಾಗಿ ಉರಿಯುತ್ತದೆ. ಚಾರ್ಜರಿನೊಳಗಿನ ವೈ-ಕೆಪಾಸಿಟರ್ ಮೂಲಕ ಸೋರುವ ಕರೆಂಟ್ ಅದು, ಆಂಪಿನಲ್ಲಿ ಗುಂಯ್ ಆಗುವುದೂ ಅದೇ. ಎಲೆಕ್ಟ್ರಿಷಿಯನ್ ಕರೆಸಿ ಮೀಟರ್ ರೂಮಿನಿಂದ ಅರ್ತ್ ತರಿಸುವುದೊಂದೇ ದಾರಿ. ನ್ಯೂಟ್ರಲ್‌ನಿಂದ ಅರ್ತ್ ಪಿನ್ನಿಗೆ ತುಂಡು ತಂತಿ ಹಾಕಿಕೊಡುವವರನ್ನು ಮನೆಗೆ ಸೇರಿಸಬೇಡಿ.

ಹಿಸ್

ಹಿಸ್ ಇಳಿಸುವ ಅಗ್ಗದ ಉಪಾಯ ಗೇನ್ ಇಳಿಸುವುದು. ಮೊಬೈಲಿನಿಂದ ಬರುವುದೇ ಅರ್ಧ ವೋಲ್ಟಿನ ಮೇಲೆ. 11 ಪಟ್ಟು ಯಾರಿಗೂ ಬೇಡ. 10ಕೆ ತೆಗೆದು 2.2ಕೆ ಹಾಕಿದರೆ ಗೇನ್ 3.2 ಆಗುತ್ತದೆ, ಹಿಸ್ ಕೂಡ ಸುಮಾರು ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಎನ್‌ಇ 5532 ಜೊತೆ 11 ಪಟ್ಟಿನಲ್ಲಿ ಔಟ್‌ಪುಟ್ ಹಿಸ್ ಸುಮಾರು 10 ಮೈಕ್ರೋವೋಲ್ಟ್. ಹಳೆಯ ಟಿಎಲ್ 072 ಆದರೆ 28ರ ಮೇಲೆ. ದೊಡ್ಡ ಹೆಡ್‌ಫೋನಿನಲ್ಲಿ ಎರಡೂ ಕೇಳುವುದಿಲ್ಲ. ಕಿವಿಯೊಳಗೆ ಕೂರುವ 16 ಓಮಿನ ಸೂಕ್ಷ್ಮ ಇಯರ್‌ಫೋನಿನಲ್ಲಿ ರಾತ್ರಿ ಫ್ಯಾನ್ ನಿಲ್ಲಿಸಿದರೆ ಎರಡನೆಯದು ಕೇಳುತ್ತದೆ.

ರೇಡಿಯೋ, ಮೊಬೈಲ್, ಫ್ಯಾನ್

ಮಲಾಡ್ ಪಶ್ಚಿಮದಲ್ಲಿ ಆಕಾಶವಾಣಿಯ ಮೀಡಿಯಂ ವೇವ್ ಪ್ರಸಾರ ಕೇಂದ್ರವಿದೆ. ಅದರ ಸುತ್ತಮುತ್ತ ಇರುವವರ ಆಂಪಿನಲ್ಲಿ ಹಾಡಿನ ಹಿಂದೆ ಯಾರೋ ಮರಾಠಿಯಲ್ಲಿ ಮೆಲ್ಲಗೆ ಮಾತಾಡಿದಂತೆ ಕೇಳಿದರೆ ಗಾಬರಿ ಬೇಡ. ಇನ್‌ಪುಟ್ ಸಾಕೆಟ್‌ನಿಂದ ಪಾಟಿಗೆ ಹೋಗುವಲ್ಲಿ 1ಕೆ ರೆಸಿಸ್ಟರ್, ಅದರ ಪಾಟಿನ ಬದಿಯಿಂದ ಸಾಕೆಟಿನ ಗ್ರೌಂಡಿಗೆ 470 ಪಿಕೋಫ್ಯಾರಡ್ ಹಾಕಿ. ಸುಮಾರು 340 ಕಿಲೋಹರ್ಟ್ಸ್‌ನಿಂದ ಮೇಲಿನದ್ದು ಇಳಿಯುತ್ತದೆ. ಕಾಲುಗಳನ್ನು ಗಿಡ್ಡ ಕತ್ತರಿಸಿ. ಉದ್ದ ಬಿಟ್ಟರೆ ಅವೇ ಆಂಟೆನಾ. 2ಜಿ ಮೊಬೈಲ್ ಹತ್ತಿರವಿದ್ದಾಗ ಬರುವ ತತ್ತರಿಸುವ ಬಜ್ 217 ಹರ್ಟ್ಸಿನದ್ದು, ಮದ್ದು ಇದೇ. ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರನ್ನು ನಡುವಿನ ವೇಗದಲ್ಲಿಟ್ಟಾಗ ಮಾತ್ರ ಜುಯ್ ಎಂದರೆ ಅದು ರೆಗ್ಯುಲೇಟರಿನ ತಪ್ಪು, ಆಂಪ್ ಬಿಚ್ಚಬೇಡಿ.

ಕರಕರ ಮತ್ತು ಮಳೆಗಾಲ

ಜೂನ್‌ನಲ್ಲಿ ಶುರುವಾಗಿ ಅಕ್ಟೋಬರ್‌ನಲ್ಲಿ ತಾನೇ ನಿಲ್ಲುವ ಕರಕರ ಮುಂಬಯಿ, ಗೋವಾ ಎರಡೂ ಕಡೆ ಸಾಮಾನ್ಯ. ಬೋರ್ಡಿನ ಕೆಳಗೆ ತೊಳೆಯದೆ ಬಿಟ್ಟ ಫ್ಲಕ್ಸ್ ತೇವ ಹೀರಿ ಟ್ರ್ಯಾಕುಗಳ ನಡುವೆ ಸೋರುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ಕರಗಿದ ಅಂಟು ಅಲ್ಲೇ ಒಣಗುವ ಮೊದಲು ಬಟ್ಟೆಗೆ ಒತ್ತಿ ತೆಗೆಯಿರಿ. ಒಂದು ಸಲ ಸಾಲದು, ಬೆರಳಿಗೆ ಅಂಟದಾಗುವವರೆಗೆ. ಆಗಲೇ ಬೆಳಕಿಗೆ ಹಿಡಿದು ಬೆಸುಗೆಗಳನ್ನು ನೋಡಿ: ಕಾಲಿನ ಸುತ್ತ ಕೂದಲಿನಂಥ ಕಪ್ಪು ಉಂಗುರ ಕಂಡರೆ ಡ್ರೈ ಸೋಲ್ಡರ್. ಹಳೆ ಸೀಸ ಹೀರಿ ಹೊಸದು ಹಾಕಿ.

ಪಾಟ್ ಕರಕರ ಕಾಂಟ್ಯಾಕ್ಟ್ ಕ್ಲೀನರಿನಿಂದ ಹೋಗದಿದ್ದರೆ ಐಸಿಯ ಬಯಾಸ್ ಕರೆಂಟ್ ವೈಪರಿನ ಮೂಲಕ ಹರಿಯುತ್ತಿದೆಯೇ ನೋಡಿ. ವೈಪರ್ ಮತ್ತು ಐಸಿಯ ನಡುವೆ 1 ಮೈಕ್ರೋಫ್ಯಾರಡ್ ಫಿಲ್ಮ್ ಕೆಪಾಸಿಟರ್, ಐಸಿಯ ಬದಿಯಲ್ಲಿ 22ಕೆ ಹಾಕಿದರೆ ಹೋಗುತ್ತದೆ. ಹೊಸ ಪಾಟ್ ತರುವುದಾದರೆ ಮೈಮೇಲೆ ‘ಎ’ ಎಂದಿರುವುದು ವಾಲ್ಯೂಮಿಗೆ ಒಪ್ಪುವ ಲಾಗ್, ‘ಬಿ’ ಲೀನಿಯರ್. ಅಂಗಡಿಯವರು ಕೇಳಿದ್ದು ಬಿಟ್ಟು ‘ಬಿ’ ಕೊಡುವುದೇ ಹೆಚ್ಚು.

ಬಿಸಿಯಾಗುವ ಐಸಿ

ಹಾಡಿಲ್ಲದೆ ಐಸಿ ಬಿಸಿಯಾದರೆ ಅದು ಕಿವಿಗೆ ಕೇಳದ ಎತ್ತರದಲ್ಲಿ ಆಸಿಲೇಟ್ ಆಗುತ್ತಿರಬಹುದು, ಅಂದರೆ ತಾನೇ ಕಂಪಿಸುತ್ತಿರಬಹುದು. 8ನೇ ಮತ್ತು 4ನೇ ಕಾಲುಗಳ ನಡುವೆ, ಸಾಕೆಟಿಗೆ ಅಂಟಿದಂತೆ, 100 ನ್ಯಾನೋಫ್ಯಾರಡ್ ಸೆರಾಮಿಕ್ ಇರಲೇಬೇಕು. ಔಟ್‌ಪುಟ್‌ನಲ್ಲಿ ಸರಣಿಯಾಗಿ 47 ಓಮ್ ಹಾಕಿದರೆ ಉದ್ದ ಹೆಡ್‌ಫೋನ್ ಕೇಬಲಿನ ಕೆಪಾಸಿಟೆನ್ಸ್ ಐಸಿಯನ್ನು ಕೆಣಕುವುದಿಲ್ಲ.

ಸಪ್ಲೈ ತಂತಿಯಲ್ಲಿ ಮೀಟರ್ ಸೇರಿಸಿ ಐಸಿಯ ಖಾಲಿ ಕರೆಂಟನ್ನೂ ಅಳೆಯಿರಿ. ಎನ್‌ಇ 5532 ಸುಮಾರು 8 ಮಿಲಿಆಂಪಿಯರ್ ಎಳೆಯಬೇಕು. ಮೇಲೆ 5532 ಎಂದು ಹೊಳೆಯುವ ಅಕ್ಷರವಿದ್ದು ಎಳೆಯುವುದು 3 ಮಾತ್ರವಾದರೆ ಒಳಗಿರುವುದು ಬಹುಶಃ 4558ರಂಥ ಅಗ್ಗದ ಐಸಿ, ಮೇಲಿನ ಬರಹ ಉಜ್ಜಿ ಮರುಮುದ್ರಿಸಿದ್ದು. ಹತ್ತಿಗೆ ಅಸಿಟೋನ್ ಹಚ್ಚಿ ತಿಕ್ಕಿದಾಗ ಅಕ್ಷರದ ಜೊತೆ ಕಪ್ಪು ಬಣ್ಣವೂ ಬಂದರೆ ಅನುಮಾನವೇ ಬೇಡ.

ಒಂದೇ ಬ್ಯಾಟರಿಯ ಆಂಪ್

ಇಲ್ಲಿ ಗ್ರೌಂಡ್ ಎನ್ನುವುದು ಎರಡು 4.7ಕೆ ರೆಸಿಸ್ಟರ್ ಮತ್ತು ಎರಡು 220 ಮೈಕ್ರೋಫ್ಯಾರಡಿನಿಂದ ನಡುವೆ ಹುಟ್ಟಿಸಿದ ಕೃತಕ ಬಿಂದು, ಬ್ಯಾಟರಿಯ ಮೈನಸ್‌ಗಿಂತ 4.5 ವೋಲ್ಟ್ ಮೇಲಿದೆ. ಬ್ಯಾಟರಿ ಬದಲು ಲ್ಯಾಪ್‌ಟಾಪಿನ ಯುಎಸ್‌ಬಿಯಿಂದ ಬೂಸ್ಟ್ ಮಾಡ್ಯೂಲ್ ಹಾಕಿ 9 ವೋಲ್ಟ್ ಮಾಡಿಕೊಂಡು, ಹಾಡನ್ನೂ ಅದೇ ಲ್ಯಾಪ್‌ಟಾಪಿನಿಂದ ಕೊಟ್ಟರೆ ಆಡಿಯೋ ಕೇಬಲಿನ ಗ್ರೌಂಡ್ ಈ ನಡುಬಿಂದುವನ್ನು ಸೀದಾ ಮೈನಸ್‌ಗೆ ಎಳೆದು ಕಟ್ಟುತ್ತದೆ. ಹಾಡು ಒಡೆದು, ಚೀರಿ, ಒಂದು ಬದಿಗೆ ಮುಗ್ಗರಿಸುತ್ತದೆ. ಎಷ್ಟು ಫಿಲ್ಟರ್ ಹಾಕಿದರೂ ಸರಿಹೋಗದು. ಬ್ಯಾಟರಿಗೆ ವಾಪಸಾಗಿ, ಇಲ್ಲವೇ ಒಳಗೆ ಟ್ರಾನ್ಸ್‌ಫಾರ್ಮರ್ ಇರುವ ಐಸೊಲೇಟೆಡ್ ಡಿಸಿ-ಡಿಸಿ ಮಾಡ್ಯೂಲ್ ಹಾಕಿ. ಬಿಸ್ಕತ್ತಿನ ತಗಡು ಡಬ್ಬಿಯಲ್ಲಿ ಕಟ್ಟುವವರು ಡಿಸಿ ಸಾಕೆಟ್ ಕೂಡ ಪ್ಲಾಸ್ಟಿಕ್ಕಿನದ್ದೇ ಆರಿಸಿ: ಅದರ ಹೊರಮೈ ಮೈನಸ್, ಇ.ಪಿ. ಸಾಕೆಟ್‌ನ ಹೊರಮೈ ನಡುಬಿಂದು, ಎರಡೂ ಒಂದೇ ತಗಡಿಗೆ ತಾಗಿದರೆ ಮತ್ತೆ ಅದೇ ಕಥೆ.